ಕಥಾನಾಯಕಿಯೂ ಅವಳ ತಾಯಿಯೂ

ಹಿಂದೂಸ್ಥಾನದ ತಾಯಿಗೂ ಆಂಗ್ಲ ತಂದೆಗೂ ಜನಿಸಿದ ಕನ್ಯೆಯನ್ನು ನಾಯಕಿಯನ್ನಾಗಿ ಮಾಡಿದ ಐತಿಹಾಸಿಕ ಪ್ರಣಯ ಕಾದಂಬರಿಗಳನ್ನು ನಮ್ಮ ಹೆಣ್ಣುಮಕ್ಕಳು ಬಹು ಆಸಕ್ತಿಯಿಂದ ಓದುತ್ತಿರುವರು. ಓದಬಾರದೆಂದು ಹೇಳುವವರ ಪಂಗಡಕ್ಕೆ ನಾನು ಸೇರಿದವಳಲ್ಲ. ಆದರೂ ಅವುಗಳ ವಿಷಯದಲ್ಲಿ ನನ್ನದೊಂದು ಆಕ್ಷೇಪಣೆಯುಂಟು. ನಾಯಕಿಯ ಕಣ್ಣು, ಕೇಶ, ಮೈಬಣ್ಣಗಳ ವರ್ಣನೆಗೆ ಅವುಗಳಲ್ಲಿ ಪುಟಗಟ್ಟಲೆ ಸ್ಥಳವಿರುವುದು; ಅವನ್ನೆಲ್ಲ ಕೊಟ್ಟ ತಾಯಿಯಾದರೋ ಅನೇಕ ವೇಳೆ ಮೊದಲನೆಯ ಅಧ್ಯಾಯಕ್ಕೆ ಮುಂಚೆಯೇ ತೀರಿಹೋಗಿರುವಳು.

ವಾಸ್ತವವಾದ ಚರಿತ್ರೆಯೊಂದನ್ನು ನೋಡಿರಿ. ಹೈದರಾಬಾದಿನಲ್ಲಿ ಕಂಪೆನಿಯ ರೆಸಿಡೆಂಟನಾಗಿದ್ದ ಜೇಮ್ಸ್ ಅಕಿಲಿಸ್ ಕರ್ಕ್‌ಪ್ಯಾಟ್ರಿಕನು ಖೈರುನ್ನಿಸಾ ಎಂಬ ಕುಲೀನ ಕನ್ಯೆಯನ್ನು ಮುಸಲ್ಮಾನರ ಪದ್ಧತಿಯಂತೆ ವಿವಾಹವಾದನು. ಅವರಿಗೆ 1801ರಲ್ಲಿ ಒಬ್ಬ ಮಗನೂ 1802ರಲ್ಲಿ ನೂರುನ್ನಿಸಾ ಎಂಬ ಮಗಳೂ ಹುಟ್ಟಿದರು. 1805ರಲ್ಲಿ ಆ ಎಳೆಯರಿಬ್ಬರನ್ನೂ ಮದರಾಸಿನಿಂದ ಇಂಗ್ಲೆಂಡಿಗೆ ಹಡಗಿನಲ್ಲಿ ಕಳುಹಿಸಲಾಯಿತು. ಅದೇ ಅಕ್ಟೋಬರಿನಲ್ಲಿ ತಂದೆಯು ಕಲ್ಕತ್ತೆಯಲ್ಲಿ ಮೃತನಾದನು. ಇಂಗ್ಲೆಂಡಿನಲ್ಲಿ ಮಕ್ಕಳಿಗೆ ದೀಕ್ಷಾಸ್ನಾನವಾಗಿ, ನೂರುನ್ನಿಸಾ ಎಂಬವಳು ಕ್ಯಾಥರಿನ್ ಅರೋರಾ ಆದಳು. ಕಿಟ್ಟಿ ಎಂಬುದು ಮನೆಯವರು ಕರೆದ ಹೆಸರು. ತಾಯಿಯು ಮಕ್ಕಳ ಮುಖವನ್ನು ಮತ್ತೆ ಕಾಣದೆಯೇ 1813ರಲ್ಲಿ ಕಣ್ಣು ಮುಚ್ಚಿದಳು.

ಕಿಟ್ಟಿಯು ಬೆಳೆದು ಸುಂದರಿಯಾದಳು. ಥಾಮಸ್ ಕಾರ್ಲೈಲನು ಅವಳಿಗೆ ಮನಸೋತನು. 'ಸಾರ್ಟರ್ ರಿಸಾರ್ಟಸ್' ಗ್ರಂಥದ ಬ್ಲೂಮೀನ್ ಎಂಬವಳು ಇವಳೇ ಎಂದು ಹಲವರ ಅಭಿಪ್ರಾಯ. 1829ರಲ್ಲಿ ಕ್ಯಾಪ್ಟನ್ ಫಿಲಿಪ್ಸನೊಡನೆ ವಿವಾಹ. ಕಾದಂಬರಿಕಾರರಿಗೆ ಇಷ್ಟು ಸಾಕು, ಪುಸ್ತಕ ಮುಗಿಯಿತು!

ನನ್ನ ಮತದಲ್ಲಿ ಕಥೆಯ ಸಾರವೆಲ್ಲವೂ ಆ ಮೇಲೆಯೇ ಇರುವುದು. ಹಡಗು ಹತ್ತುವ ಮುನ್ನ ಜಾರ್ಜ್ ಚಿನ್ನರಿ ಎಂಬ ಚಿತ್ರಕಾರನು ಬರೆದಿದ್ದ ತನ್ನ ಮತ್ತು ಅಣ್ಣನ ಚಿತ್ರವನ್ನು ಅವಳು ಪ್ರೌಢೆಯಾದ ತರುವಾಯ ಇಂಗ್ಲೆಂಡಿನ ಒಂದು ಮನೆಯಲ್ಲಿ ಕಂಡು ಕಣ್ಣೀರು ಸುರಿಸಿದಳಂತೆ. 1841ರಲ್ಲಿ, ಹೈದರಾಬಾದಿನಲ್ಲಿ ಇನ್ನೂ ಜೀವಿಸಿದ್ದ ತಾಯಿಯ ತಾಯಿ ಷರಫುನ್ನಿಸಾ ಬೇಗಮರೊಡನೆ ಪತ್ರವ್ಯವಹಾರವು ಆರಂಭವಾಯಿತು. ಅಜ್ಜಿಯ ಪತ್ರಗಳು ಪಾರಸಿಯಲ್ಲಿ, ಮೊಮ್ಮಗಳವು ಇಂಗ್ಲಿಷಿನಲ್ಲಿ. ಅಜ್ಜಿಯ ಮಡಿಲಲ್ಲಿ ಆಡಿದ ಮಗುವು, ಆಕೆಯ ಮಾತನ್ನು ಪರರ ಭಾಷಾಂತರದ ಮೂಲಕ ತಿಳಿಯಬೇಕಾಯಿತು. ಅವರು ಒಬ್ಬರನ್ನೊಬ್ಬರು ಮರಳಿ ಕಾಣಲೇ ಇಲ್ಲ.

ತಂದೆಯು ಕ್ರೂರನೆಂದು ನಾನು ಹೇಳಲಾರೆ. ಹಿಂದೂಸ್ಥಾನದ ತಾಯಂದಿರ ಮಕ್ಕಳಿಗೆ ಕಂಪೆನಿಯು ತನ್ನ ಉನ್ನತ ಉದ್ಯೋಗಗಳ ಬಾಗಿಲನ್ನು 1791ರಲ್ಲಿಯೇ ಮುಚ್ಚಿದ್ದಿತು. ಮಕ್ಕಳ ಏಳಿಗೆಗೆ ಅವನಿಗೆ ಬೇರೆ ದಾರಿ ತೋರಿರಲಾರದು. ಹೆಸರು ಬದಲಾದುದನ್ನೂ ನಾನು ದೂರುವುದಿಲ್ಲ. ನಮ್ಮಲ್ಲಿ ಅನೇಕರ ಮನೆತನಗಳಿಗೂ ಹೊಸ ಹೆಸರುಗಳು ಬಂದಿರುವವಷ್ಟೆ. ಆದರೆ ತಾಯಿಯನ್ನೂ ತಾಯಿನುಡಿಯನ್ನೂ ಮರೆಸುವುದು ದೀಕ್ಷಾಸ್ನಾನದ ಅಂಗವೆಂದು ಯಾವ ಗ್ರಂಥದಲ್ಲಿಯೂ ನಾನು ಓದಿಲ್ಲ. ಆ ಮರೆವನ್ನೇ ಸೊಗಸೆಂದು ತೋರಿಸುವ ಕಾದಂಬರಿಗಳು ನಮ್ಮ ಹುಡುಗಿಯರಿಗೆ ಸುಳ್ಳು ಹೇಳುತ್ತವೆ.

ವಿಲಿಯಂ ಡಾಲ್ರಿಂಪಲರು 2002ರಲ್ಲಿ ಪ್ರಕಟಿಸಿದ 'ವೈಟ್ ಮೊಗಲ್ಸ್' ಎಂಬ ಚರಿತ್ರೆಯಲ್ಲಿ ಖೈರುನ್ನಿಸಾಳಿಗೆ ತಕ್ಕ ಸ್ಥಾನ ದೊರೆತಿದೆ. ಗ್ರಂಥವು ದಪ್ಪವೇ ಸರಿ. ರಜೆಯ ದಿನಗಳಲ್ಲಿ ತಾಯಿಯೂ ಮಗಳೂ ಕೂಡಿ ಓದಬಹುದು.