ಅಮ್ಮನಿಗೂ ಬೇಕು ಬಾಣಂತನ
ಹೃದಯದ ಬೈಪಾಸ್ ಆಪರೇಷನ್ ಆಗಿ 18 ದಿನವಷ್ಟೇ ಆಗಿದ್ದ ಪಕ್ಕದ ಮನೆಯ ಅಕ್ಕ ಮೊನ್ನೆ ಮುದ್ದೆಕೋಲು ಹಿಡಿದು ಒಲೆ ಮುಂದೆ ನಿಂತಿದ್ದರು. ‘ಇವರ‍್ಯಾರಿಗೂ ತೊಳಸೋಕೆ ಬರಲ್ಲ ಕಣಪ್ಪ’ ಅಂದರು. ನನ್ನ ಎದೆ ಝಲ್ಲೆಂದಿತು. ಸೀಳಿದ ಎದೆಮೂಳೆಯನ್ನು ಉಕ್ಕಿನ ತಂತಿಯಲ್ಲಿ ಬಿಗಿದಿರುತ್ತಾರೆ. ಅದು ಕೂಡಿಕೊಳ್ಳಲು 6ರಿಂದ 8 ವಾರ, ಕೆಲವರಿಗೆ ಮೂರು ತಿಂಗಳೇ ಹಿಡಿಯುತ್ತದೆ. ಅಲ್ಲಿವರೆಗೆ ತುಂಬಿದ ಬಿಂದಿಗೆ ಎತ್ತುವಂತಿಲ್ಲ. ಮುದ್ದೆ ತೊಳಸುವುದೆಂದರೆ ಎರಡೂ ತೋಳಿನ ಬಲ ಆ ಮೂಳೆಯ ಮೇಲೇ. ಇದೇ ಮನೆಯಲ್ಲಿ ಹೋದ ವರ್ಷ ಸೊಸೆಗೆ ಮೂರು ತಿಂಗಳು ಬಾಣಂತನ ನಡೆದಿತ್ತು: ಕಿವಿಗೆ ಹತ್ತಿ, ಬಿಸಿನೀರ ಸ್ನಾನ, ಮೆಣಸಿನ ಸಾರು, ತಣ್ಣೀರು ಮುಟ್ಟಬೇಡ ಎಂಬ ಗದರಿಕೆ. ಮಾಡಿದವರು ಈ ಅಕ್ಕನೇ. ಹೆರಿಗೆಗೆ ನಮ್ಮಲ್ಲಿ ಕಟ್ಟಳೆಯಿದೆ, ಆಪರೇಷನ್ನಿಗಿಲ್ಲ. ಹೊಲಿಗೆ ಬಿಚ್ಚಿದರೆ ಮುಗಿಯಿತು ಅಂದುಕೊಳ್ಳುತ್ತೇವೆ. ಕೆಮ್ಮು ಬಂದಾಗ ಎದೆಗೊತ್ತಿಕೊಳ್ಳಲು ದಿಂಬು ಕೊಡುವವರು, ಉಸಿರಾಟದ ವ್ಯಾಯಾಮಕ್ಕೆ ಕೊಡುವ ಮೂರು ಚೆಂಡಿನ ಡಬ್ಬಿಯನ್ನು ಮತ್ತೆ ಮತ್ತೆ ನೆನಪಿಸುವವರು ಇಂಥ ಆಪರೇಷನ್ ಆದವರಿಗೂ ಬೇಕು. ಹಾಸಿಗೆಯಿಂದ ಏಳಿಸುವಾಗ ರಟ್ಟೆ ಹಿಡಿದು ಎಳೆಯಬಾರದು, ಮಗ್ಗುಲಾಗಿಸಿ ಕೂರಿಸಬೇಕು. ಇದು ಎಷ್ಟು ಮನೆಯವರಿಗೆ ಗೊತ್ತು? ಇವತ್ತು ಆ ಮನೆಗೆ ಹೋದಾಗ ಮಗನೇ ತೊಳಸುತ್ತಿದ್ದ. ಹಿಟ್ಟು ಗಂಟುಕಟ್ಟಿತ್ತು. ಅಕ್ಕ ಕುರ್ಚಿಯಲ್ಲಿ ಕೂತು, ದಿಂಬು ತಬ್ಬಿಕೊಂಡು, ‘ಉರಿ ಸಣ್ಣ ಮಾಡ್ಕೊ ಮಗ’ ಅನ್ನುತ್ತಿದ್ದರು.