ಅಳೆಯುವ ಕೈಗೆ ನಿರಾಕರಿಸುವ ಹಕ್ಕು ಬೇಕು

ಪ್ರಾಣಿಗಳ ಮೇಲಿನ ಸಂಶೋಧನೆಯ ಕುರಿತು ಪ್ರಗತಿಪರರ ನಡುವೆ ನಡೆಯುವ ಚರ್ಚೆ ಸಾಮಾನ್ಯವಾಗಿ ಪ್ರಾಣಿಗಳನ್ನು ಬಳಸಬಹುದೇ, ಬಾರದೇ ಎಂಬಲ್ಲಿಗೇ ನಿಂತುಬಿಡುತ್ತದೆ. ಬಳಕೆ ದಿನನಿತ್ಯ ನಡೆದೇ ಇರುವಾಗ ಅದನ್ನು ಮಾಡುತ್ತಿರುವ ಕೈ ಯಾರದು, ಆ ಕೈಗೆ ಕೆಲಸ ಕಲಿಸಿದವರು ಯಾರು, ಅಳತೆ ಕೆಟ್ಟಾಗ ‘ಇದು ಕೆಟ್ಟಿದೆ’ ಎಂದು ಹೇಳುವ ಅಧಿಕಾರ ಆ ಕೈಗೆ ಇದೆಯೇ ಎಂದು ಕೇಳುವವರು ವಿರಳ. ದೃಷ್ಟಿ ಸಂಶೋಧನೆಯ ಮಟ್ಟಿಗಂತೂ ಈ ಪ್ರಶ್ನೆಯನ್ನು ಇನ್ನು ಮುಂದೂಡಲಾಗದು.

ಅಕ್ಷಿಪಟಲದ ಕಾರ್ಯವನ್ನು ಅಳೆಯುವ ಮುಖ್ಯ ವಿಧಾನದ ಹೆಸರು ಎಲೆಕ್ಟ್ರೊರೆಟಿನೋಗ್ರಫಿ, ಚಿಕ್ಕದಾಗಿ ಇಆರ್‌ಜಿ. ಬೆಳಕು ಬಿದ್ದಾಗ ಕಣ್ಣು ವಿದ್ಯುತ್ ಪ್ರತಿಕ್ರಿಯೆ ನೀಡುತ್ತದೆ ಎಂಬುದನ್ನು 1865ರಲ್ಲಿ ಸ್ವೀಡನ್ನಿನ ಫ್ರಿತಿಯೋಫ್ ಹೋಲ್ಮ್‌ಗ್ರೆನ್ ಕಪ್ಪೆಯ ಕಣ್ಣಿನಲ್ಲಿ ಕಂಡರು. 1933ರಲ್ಲಿ ರಾಗ್ನರ್ ಗ್ರಾನಿಟ್ ಬೆಕ್ಕಿನ ಕಣ್ಣಿನಲ್ಲಿ ಆ ಪ್ರತಿಕ್ರಿಯೆಯ ಘಟಕಗಳನ್ನು ಬಿಡಿಸಿ ತೋರಿಸಿದರು. ಮುಂದೆ 1967ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಪಡೆದರು. ಮೊದಲು ಕೆಳಗಿಳಿಯುವ ‘ಎ’ ಅಲೆ ಬೆಳಕುಗ್ರಾಹಿ ಕೋಶಗಳ ಸ್ಥಿತಿಯನ್ನು ಹೇಳಿದರೆ, ಅದರ ಬೆನ್ನಿಗೇ ಮೇಲೇರುವ ‘ಬಿ’ ಅಲೆ ಮುಖ್ಯವಾಗಿ ಆ ಸಂಕೇತವನ್ನು ಮುಂದಕ್ಕೆ ದಾಟಿಸುವ ಬೈಪೋಲಾರ್ ಕೋಶಗಳ ಸ್ಥಿತಿಯನ್ನು ಹೇಳುತ್ತದೆ. ಅಲೆ ಕುಗ್ಗಿದರೆ ರೋಗ, ಚೇತರಿಸಿದರೆ ಚಿಕಿತ್ಸೆಯ ಫಲ. ಪುಸ್ತಕದಲ್ಲಿ ಇದು ಇಷ್ಟು ಸರಳ.

ಮೇಜಿನ ಮೇಲೆ ಹಾಗಿಲ್ಲ. ಇಲಿಯನ್ನು ರಾತ್ರಿಯಿಡೀ ಕತ್ತಲಲ್ಲಿ ಇಟ್ಟು, ಮಂದವಾದ ಕೆಂಪು ಬೆಳಕಿನಲ್ಲಿಯೇ ಅದಕ್ಕೆ ಅರಿವಳಿಕೆ ಕೊಡಬೇಕು, ಪಾಪೆಯನ್ನು ಔಷಧಿಯಿಂದ ಹಿಗ್ಗಿಸಬೇಕು, ಕಾರ್ನಿಯಾಕ್ಕೆ ಕೂದಲೆಳೆಯಂಥ ತಂತಿಯನ್ನು ತಾಗಿಸಬೇಕು. ಯಾರೋ ಬಾಗಿಲು ತೆರೆದು ಬೆಳಕು ಒಳನುಗ್ಗಿದರೆ ಅಲೆ ಕುಗ್ಗುತ್ತದೆ. ಅರಿವಳಿಕೆಯಲ್ಲಿರುವ ಇಲಿಯ ಮೈ ಬೇಗ ತಣ್ಣಗಾಗುತ್ತದೆ. ಬಿಸಿಹಾಸಿನ ಮೇಲೆ ನಿಗಾ ತಪ್ಪಿದರೂ ಅಲೆ ಕುಗ್ಗುತ್ತದೆ. ಕಣ್ಣು ಒಣಗಿ ಮಸೂರ ತಾತ್ಕಾಲಿಕವಾಗಿ ಮಬ್ಬಾದರೆ, ತಂತಿ ಒಂದಿಷ್ಟು ಜಾರಿದರೆ, ಆಗಲೂ ಅಷ್ಟೇ. ರೋಗ ಮಾಡುವುದೂ ಅದನ್ನೇ. ಕೈತಪ್ಪೂ ಕಾಯಿಲೆಯೂ ಪರದೆಯ ಮೇಲೆ ಒಂದೇ ರೂಪದಲ್ಲಿ ಕಾಣುತ್ತವೆ. ಸಾಲದ್ದಕ್ಕೆ ತಳಿಯ ತೊಡಕು ಬೇರೆ: ಪ್ರಯೋಗಾಲಯಗಳಲ್ಲಿ ಹೆಚ್ಚಾಗಿ ಬಳಸುವ ಎಫ್‌ವಿಬಿ ತಳಿಯ ಇಲಿಗಳು ಹುಟ್ಟಿನಿಂದ ಹೊತ್ತ ವಂಶವಾಹಿ ದೋಷದಿಂದಾಗಿ ಕೆಲವೇ ವಾರಗಳಲ್ಲಿ ಕುರುಡಾಗುತ್ತವೆ. ಇದನ್ನರಿಯದವರು ಇಲ್ಲದ ರೋಗಕ್ಕೆ ಕಾರಣ ಹುಡುಕುತ್ತ ಕೂರಬಹುದು.

ಇಂಥ ಕೆಲಸಕ್ಕೆ ಎಷ್ಟೋ ಕಡೆ ದೊರೆಯುವ ತರಬೇತಿಯಾದರೂ ಏನು? ಬಿಟ್ಟುಹೋಗುತ್ತಿರುವ ವಿದ್ಯಾರ್ಥಿಯ ಪಕ್ಕದಲ್ಲಿ ಕೆಲವು ದಿನ ನಿಲ್ಲುವುದು, ಯಂತ್ರ ಮಾರಿದವರ ಪ್ರದರ್ಶನ ನೋಡುವುದು, ಉಳಿದದ್ದನ್ನು ಪ್ರಾಣಿಗಳ ಮೇಲೆಯೇ ‘ಕಲಿತುಕೊಳ್ಳುವುದು’. ಇದನ್ನು ಉಳಿತಾಯವೆಂದು ಕರೆಯುವವರಿದ್ದಾರೆ. ಕೆಟ್ಟ ದಾಖಲೆಗಾಗಿ ಸತ್ತ ಇಲಿಯ ಲೆಕ್ಕ ಅವರ ಖಾತೆಯಲ್ಲಿ ಬರುವುದಿಲ್ಲ.

ಕಾನೂನು ಸುಮ್ಮನಿಲ್ಲ ಎಂಬ ವಾದ ಭಾಗಶಃ ನಿಜ. ಬ್ರಿಟನ್ನಿನಲ್ಲಿ 1986ರ ಕಾಯ್ದೆಯಂತೆ ಪ್ರಯೋಗ ನಡೆಸುವ ಪ್ರತಿಯೊಬ್ಬರಿಗೂ ವೈಯಕ್ತಿಕ ಪರವಾನಗಿ ಬೇಕು, ಅದಕ್ಕೆ ತರಬೇತಿ ಬೇಕು. ಅಮೆರಿಕದಲ್ಲಿ ಸಂಶೋಧನೆಗೆಂದೇ ಸಾಕಿದ ಇಲಿಗಳನ್ನು 2002ರ ತಿದ್ದುಪಡಿಯು ಪ್ರಾಣಿ ಕಲ್ಯಾಣ ಕಾಯ್ದೆಯ ಹೊರಗಿಟ್ಟಿತು; ಸರ್ಕಾರಿ ಆರೋಗ್ಯ ಅನುದಾನದ ನಿಯಮಗಳು ಆ ಕೊರತೆಯನ್ನು ಸ್ವಲ್ಪಮಟ್ಟಿಗೆ ತುಂಬುತ್ತವೆ. ಈ ವ್ಯವಸ್ಥೆಗಳ ಮೊದಲ ಕಾಳಜಿ ಪ್ರಾಣಿಯ ನೋವು. ಅದು ಇರಲೇಬೇಕಾದ ಕಾಳಜಿ. ಆದರೆ ಸೂಜಿ ಚುಚ್ಚಲು ಪ್ರಮಾಣಪತ್ರ ಪಡೆದವರು ಅಲೆಯನ್ನು ಓದಲು ಬಲ್ಲರು ಎಂದೇನೂ ಅರ್ಥವಿಲ್ಲ. ಪ್ರಾಣಿಗಳ ಸಂಖ್ಯೆಯನ್ನು ತಗ್ಗಿಸಬೇಕೆಂಬ ತತ್ವವನ್ನು ರಸೆಲ್ ಮತ್ತು ಬರ್ಚ್ 1959ರಲ್ಲಿಯೇ ಮಂಡಿಸಿದರು. ಪಳಗದ ಕೈ ಆ ತತ್ವವನ್ನು ಪ್ರತಿದಿನ ಮುರಿಯುತ್ತದೆ.

ಇನ್ನು ಅಧಿಕಾರದ ಮಾತು. ದಾಖಲೆ ಕೆಟ್ಟಿದೆಯೆಂದು ಮೊದಲು ತಿಳಿಯುವುದು ಕತ್ತಲಕೋಣೆಯಲ್ಲಿ ಕುಳಿತವರಿಗೆ. ಅಮೆರಿಕದ ಪ್ರಯೋಗಾಲಯಗಳಲ್ಲಿ ಹಾಗೆ ಕುಳಿತವರಲ್ಲಿ ಅನೇಕರು ವಲಸಿಗರು. ಕರ್ನಾಟಕದಿಂದ ಹೋದವರೂ ಅವರಲ್ಲಿದ್ದಾರೆ. ಎಚ್-1ಬಿ ವೀಸಾದಲ್ಲಿರುವವರು ಕೆಲಸ ಕಳೆದುಕೊಂಡರೆ ಹೊಸ ದಾರಿ ಹುಡುಕಲು ಹೆಚ್ಚೆಂದರೆ 60 ದಿನ. ಮುಖ್ಯಸ್ಥರು ಬಯಸಿದ ಫಲಿತಾಂಶ ಪರದೆಯ ಮೇಲೆ ಬಂದಿರುವಾಗ ‘ಈ ಇಲಿಯ ಮೈ ತಣ್ಣಗಿತ್ತು, ಈ ದಾಖಲೆ ಬೇಡ’ ಎಂದು ಹೇಳಲು ಅಂಥವರಿಗೆ ಎಷ್ಟು ಧೈರ್ಯ ಬೇಕು? ನಿರಾಕರಿಸುವ ಹಕ್ಕಿಲ್ಲದವರಿಗೆ ಕೊಟ್ಟ ತರಬೇತಿ ಅರ್ಧ ತರಬೇತಿ.

ಇಷ್ಟೆಲ್ಲ ಕಟ್ಟುನಿಟ್ಟು ಏಕೆಂದರೆ, ಈ ಅಲೆಗಳ ಮೇಲೆ ಮನುಷ್ಯರ ಭರವಸೆ ನಿಂತಿದೆ. ಆರ್‌ಪಿಇ65 ವಂಶವಾಹಿಯ ದೋಷದಿಂದ ಹುಟ್ಟುಕುರುಡಾಗಿದ್ದ ಬ್ರಿಯಾರ್ಡ್ ತಳಿಯ ನಾಯಿಗಳಿಗೆ ವಂಶವಾಹಿ ಚಿಕಿತ್ಸೆ ಕೊಟ್ಟಾಗ ದೃಷ್ಟಿ ಮರಳಿತೆಂಬ ವರದಿ 2001ರಲ್ಲಿ ಬಂತು. ಅದರ ಸಾಕ್ಷ್ಯಗಳಲ್ಲಿ ಇಆರ್‌ಜಿಯೂ ಒಂದು. 2017ರ ಡಿಸೆಂಬರಿನಲ್ಲಿ ಲಕ್ಸ್‌ಟರ್ನಾ ಎಂಬ ಹೆಸರಿನಲ್ಲಿ ಆ ಚಿಕಿತ್ಸೆಗೆ ಅಮೆರಿಕದಲ್ಲಿ ಅನುಮತಿ ದೊರೆಯಿತು. ಎರಡು ಕಣ್ಣಿಗೆ ಕಂಪನಿ ನಿಗದಿಪಡಿಸಿದ ಬೆಲೆ 8,50,000 ಡಾಲರ್. ಅಷ್ಟು ಬೆಲೆ ಕಟ್ಟಬಲ್ಲ ಉದ್ಯಮದ ತಳಪಾಯವಾದ ಕೈಕೆಲಸವನ್ನು ಕಲಿಸಲು ಮಾತ್ರ ಹಣವಿಲ್ಲ, ಸಮಯವಿಲ್ಲ ಎಂಬ ಮಾತನ್ನು ಯಾರು ನಂಬಬೇಕು?

ಯಂತ್ರಗಳು ಸುಧಾರಿಸಿವೆ, ಗುಂಡಿ ಒತ್ತಿದರೆ ಸಾಕು ಎನ್ನುವವರಿದ್ದಾರೆ. ಯಂತ್ರ ತನಗೆ ಕೊಟ್ಟದ್ದನ್ನು ಅಳೆಯುತ್ತದೆ. ತಣ್ಣಗಾದ ಇಲಿಯನ್ನೂ ಅಷ್ಟೇ ನಿಷ್ಠೆಯಿಂದ ಅಳೆಯುತ್ತದೆ. ಪ್ರಾಣಿ ಪ್ರಯೋಗವೇ ನಿಲ್ಲಬೇಕು ಎನ್ನುವವರ ನೈತಿಕ ಕಳಕಳಿ ದೊಡ್ಡದು. ಆದರೆ ನಿಲ್ಲುವ ದಿನದವರೆಗೆ ಸಾಯುವ ಪ್ರಾಣಿಗಳ ಬಗ್ಗೆ ಅವರೂ ಉತ್ತರಿಸಬೇಕಾಗುತ್ತದೆ.

ಈ ಉದಾಸೀನದ ಬೇರು ತಲೆಯ ಕೆಲಸ ಮೇಲು, ಕೈಯ ಕೆಲಸ ಕೀಳು ಎಂಬ ಎಣಿಕೆಯಲ್ಲಿದೆ. ಜಾತಿ ವ್ಯವಸ್ಥೆಯಿಂದ ಬಂದವರಿಗೆ ಈ ಎಣಿಕೆ ಅಪರಿಚಿತವೇನಲ್ಲ. ಕಾಯಕವೆಂಬ ಮಾತನ್ನು ಅದರ ಎದುರಿಗೇ ನಿಲ್ಲಿಸಿದ ಪರಂಪರೆಯೂ ಕನ್ನಡಿಗರಿಗೆ ಅಪರಿಚಿತವಲ್ಲ. ಆದ್ದರಿಂದ ಬೇಡಿಕೆಗಳು ಸ್ಪಷ್ಟವಾಗಿರಲಿ. ಪ್ರತಿ ಅನುದಾನದಲ್ಲೂ ತರಬೇತಿಗೆ ಪ್ರತ್ಯೇಕ ಹಣ ಮತ್ತು ಸಂಬಳಸಹಿತ ಸಮಯ ಇರಬೇಕು. ಆರೋಗ್ಯವಂತ ಇಲಿಯಲ್ಲಿ ಮತ್ತೆ ಮತ್ತೆ ಒಂದೇ ಅಳತೆ ಪಡೆಯಬಲ್ಲರೆಂದು ತೋರಿಸದೆ ಯಾರೂ ಪ್ರಯೋಗದ ಪ್ರಾಣಿಯನ್ನು ಮುಟ್ಟಬಾರದು. ಕೈಬಿಟ್ಟ ದಾಖಲೆಗಳ ಸಂಖ್ಯೆಯೂ ಕಾರಣವೂ ಪ್ರಬಂಧದಲ್ಲಿ ಅಚ್ಚಾಗಬೇಕು. ಅಳೆದವರ ಹೆಸರು ಕೃತಜ್ಞತೆಯ ಸಾಲಿನಲ್ಲಿ ಕಳೆದುಹೋಗದೆ ಲೇಖಕರ ಪಟ್ಟಿಯಲ್ಲಿ ಇರಬೇಕು. ವಿದೇಶದ ವಿಶ್ವವಿದ್ಯಾಲಯಗಳ ಸಮಿತಿಗಳಲ್ಲಿ, ಸಂಘಟನೆಗಳಲ್ಲಿ ಕುಳಿತಿರುವ ಕನ್ನಡಿಗರು ಈ ನಾಲ್ಕು ಮಾತುಗಳನ್ನು ಮುಂದಿನ ಸಭೆಯಲ್ಲಿಯೇ ಎತ್ತಬಹುದು. ಅದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ.