ಒಂದು ಲೀಗ್ ಪಂದ್ಯ ಮತ್ತು ನಮ್ಮ ಶಾಲಾ ಕ್ರೀಡೆಗಳು

ಕ್ರೀಡಾಸ್ಪರ್ಧೆಗಳನ್ನು ಏರ್ಪಡಿಸುವ ಕ್ರಮಗಳು ಮುಖ್ಯವಾಗಿ ಎರಡು. ಸೋತ ತಂಡವು ಅಲ್ಲಿಗೇ ಹೊರಬೀಳುವ ನಾಕೌಟ್ ಕ್ರಮ ಒಂದು. ಪ್ರತಿಯೊಂದು ತಂಡವೂ ಉಳಿದೆಲ್ಲ ತಂಡಗಳೊಡನೆ ಆಡಿ, ಗಳಿಸಿದ ಅಂಕಗಳ ಮೊತ್ತದಿಂದ ವಿಜೇತರು ನಿರ್ಣಯವಾಗುವ ಲೀಗ್ ಕ್ರಮ ಮತ್ತೊಂದು. ನಮ್ಮ ಶಾಲೆಗಳಲ್ಲಿ ಸಾಮಾನ್ಯವಾಗಿ ಮೊದಲನೆಯದೇ ರೂಢಿಯಲ್ಲಿದೆ. ಎರಡನೆಯದು ವಿದ್ಯಾರ್ಥಿಗಳಿಗೆ ಹೆಚ್ಚು ಹಿತಕರವೆಂಬುದು ನನ್ನ ಅಭಿಪ್ರಾಯ. ಇದು ಗ್ರಂಥಗಳಿಂದ ಬಂದ ಅಭಿಪ್ರಾಯವಲ್ಲ. ಕಾಲ್ಚೆಂಡಾಟದ ಒಬ್ಬ ಅಭಿಮಾನಿಯಾಗಿ ನಾನು ಕಂಡ ಒಂದು ಪಂದ್ಯ ಮನಸ್ಸಿನಲ್ಲಿ ಬಿತ್ತಿಹೋದುದು.

2015ರ ಮೇ 31ರಂದು ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ ಆ ವರ್ಷದ ಐ-ಲೀಗ್‌ನ ನಿರ್ಣಾಯಕ ಪಂದ್ಯ ನಡೆಯಿತು. ಒಂದೆಡೆ ಸುನಿಲ್ ಛೇತ್ರಿಯವರ ನಾಯಕತ್ವದ ಬೆಂಗಳೂರು ಎಫ್‌ಸಿ. 2013ರಲ್ಲಿ ಹುಟ್ಟಿ, ಆಡಿದ ಮೊದಲ ಲೀಗಿನಲ್ಲಿಯೇ ಪ್ರಶಸ್ತಿ ಪಡೆದಿದ್ದ ತಂಡ. ಇನ್ನೊಂದೆಡೆ ಕಲ್ಕತ್ತೆಯ ಮೋಹನ್ ಬಾಗಾನ್. 1889ರಲ್ಲಿ ಸ್ಥಾಪಿತವಾದ, 1911ರಲ್ಲಿ ಬ್ರಿಟಿಷ್ ಸೈನಿಕ ತಂಡವನ್ನು ಸೋಲಿಸಿ ಐ.ಎಫ್.ಎ. ಶೀಲ್ಡನ್ನು ಗೆದ್ದು ದೇಶಕ್ಕೆಲ್ಲ ಹೆಮ್ಮೆ ತಂದ ಸಂಸ್ಥೆ. ಆದರೂ 2002ರ ಬಳಿಕ ರಾಷ್ಟ್ರೀಯ ಲೀಗ್ ಪ್ರಶಸ್ತಿಯು ಆ ಹಳೆಯ ಸಂಸ್ಥೆಗೆ ದಕ್ಕಿರಲಿಲ್ಲ.

ಹನ್ನೊಂದು ತಂಡಗಳ ಆ ಲೀಗಿನಲ್ಲಿ ಪ್ರತಿ ತಂಡಕ್ಕೂ 20 ಪಂದ್ಯಗಳು. ಗೆಲುವಿಗೆ 3 ಅಂಕ, ಸಮವಾದರೆ 1. ಹತ್ತೊಂಬತ್ತು ಪಂದ್ಯಗಳು ಮುಗಿದಾಗ ಬಾಗಾನ್ ತಂಡದ ಅಂಕಗಳು 38, ಬೆಂಗಳೂರಿನವು 36. ಆದಕಾರಣ ಅತಿಥಿಗಳಿಗೆ ಸಮವೇ ಸಾಕಾಗಿತ್ತು, ನಮ್ಮವರು ಗೆಲ್ಲಲೇಬೇಕಿತ್ತು.

41ನೆಯ ನಿಮಿಷದಲ್ಲಿ ಕಾರ್ನರ್ ಕಿಕ್‌ನಿಂದ ತೂರಿಬಂದ ಚೆಂಡನ್ನು ರಕ್ಷಣಾ ಆಟಗಾರ ಜಾನ್ ಜಾನ್ಸನ್ ತಲೆಯಿಂದ ಗುರಿ ಸೇರಿಸಿದರು. ಕ್ರೀಡಾಂಗಣವು ಹರ್ಷೋದ್ಗಾರದಿಂದ ತುಂಬಿಹೋಯಿತು. ಅಲ್ಲಿಂದ ಮುಂದೆ ನಾವು ಆಟಕ್ಕಿಂತ ಹೆಚ್ಚಾಗಿ ಗಡಿಯಾರವನ್ನೇ ನೋಡಿದೆವೆಂದರೆ ಅತಿಶಯೋಕ್ತಿಯಲ್ಲ. 87ನೆಯ ನಿಮಿಷದಲ್ಲಿ ಬಾಗಾನ್‌ಗೆ ಕಾರ್ನರ್ ಕಿಕ್ ದೊರೆಯಿತು. ಹೈತಿ ದೇಶದ ಸೋನಿ ನೋರ್ಡೆ ಒದ್ದ ಚೆಂಡಿಗೆ ನೈಜೀರಿಯಾದ ರಕ್ಷಣಾ ಆಟಗಾರ ಬೆಲ್ಲೊ ರಜಾಕ್ ತಲೆಗೊಟ್ಟರು, ಗೋಲಾಯಿತು. ಪಂದ್ಯವು 1-1ರ ಸಮದಲ್ಲಿ ಮುಗಿಯಿತು. ಆ ದಿನ ಯಾರೂ ಸೋಲಲಿಲ್ಲ; ಆದರೆ 39 ಅಂಕಗಳ ಬಾಗಾನ್ ತಂಡಕ್ಕೆ ಪ್ರಶಸ್ತಿ ಸಂದಿತು, 37 ಅಂಕಗಳ ಬೆಂಗಳೂರು ಎರಡನೆಯದಾಯಿತು.

'ಮೂರು ನಿಮಿಷದಲ್ಲಿ ಎಲ್ಲವೂ ಹೋಯಿತು' ಎಂಬ ಮಾತೇ ಅಂದು ಹೊರಬರುತ್ತಿದ್ದ ಜನರ ಬಾಯಲ್ಲಿತ್ತು. ವ್ಯಥೆಯ ಮಾತಾಗಿ ಅದು ಸಹಜ. ವಿಚಾರದ ಮಾತಾಗಿ ಅದು ಸರಿಯಲ್ಲ. ಅಂತರವಿದ್ದುದು ಎರಡೇ ಅಂಕ. ಒಂದು ಗೆಲುವಿಗೂ ಒಂದು ಸಮಕ್ಕೂ ಇರುವ ಅಂತರವೂ ಅಷ್ಟೇ. ಜನವರಿಯಿಂದ ಮೇವರೆಗಿನ ಸೋಲುಗಳಲ್ಲಿ ಒಂದನ್ನು ನಮ್ಮವರು ಗೆಲುವಾಗಿಸಿಕೊಂಡಿದ್ದರೆ, ಅಂದು ಸಮವು ಸಾಕಾಗುತ್ತಿದ್ದುದು ನಮಗೇ. ಯಾರೂ ಮನಸ್ಸಿನಲ್ಲಿಟ್ಟುಕೊಳ್ಳದ ಒಂದು ಸಾಧಾರಣ ಪಂದ್ಯಕ್ಕೂ ಆ ಕಡೆಯ ಸಂಜೆಗೆ ಇದ್ದಷ್ಟೇ ಬೆಲೆ ಇತ್ತು. ಲೀಗಿನ ನ್ಯಾಯವೆಂದರೆ ಇದೇ. ಅದು ಕೀರ್ತಿಯನ್ನಾಗಲಿ ಹಿರಿತನವನ್ನಾಗಲಿ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದೇ ವರ್ಷ ಐದು ಬಾರಿ ರಾಷ್ಟ್ರಪ್ರಶಸ್ತಿ ಗೆದ್ದಿದ್ದ ಗೋವೆಯ ಡೆಂಪೊ ತಂಡ ಕೆಳಶ್ರೇಣಿಗೆ ಇಳಿಯಿತು. ಹೊಸದಾಗಿ ಬಂದ ಶಿಲ್ಲಾಂಗಿನ ರಾಯಲ್ ವಾಹಿಂಗ್ಡೊ ಮೂರನೆಯ ಸ್ಥಾನವನ್ನು ಪಡೆಯಿತು.

ಈಗ ನಮ್ಮ ಶಾಲೆಗಳ ಕಡೆಗೆ ನೋಡೋಣ. ಎಂಟು ತಂಡಗಳ ನಾಕೌಟ್ ಪಂದ್ಯಾವಳಿಯಲ್ಲಿ ಒಟ್ಟು ಏಳೇ ಪಂದ್ಯಗಳು. ಮೊದಲ ಸುತ್ತಿನಲ್ಲೇ ನಾಲ್ಕು ತಂಡಗಳ ಬಾಲಕರು ಒಂದೊಂದು ಪಂದ್ಯವನ್ನಾಡಿ ಮನೆಗೆ ಮರಳುತ್ತಾರೆ. ವರ್ಷವೆಲ್ಲ ಅಭ್ಯಾಸ ಮಾಡಿದವನಿಗೆ ದೊರೆಯುವುದು ಒಂದೇ ಆಟ. ಯಾರಿಗೆ ಹೆಚ್ಚಿನ ಅಭ್ಯಾಸ ಬೇಕೋ ಅವರಿಗೇ ಕಡಿಮೆ ಅವಕಾಶ. ಇದು ಪರೀಕ್ಷೆಯಲ್ಲಿ ಹಿಂದುಳಿದ ವಿದ್ಯಾರ್ಥಿಯನ್ನು ತರಗತಿಯಿಂದಲೇ ಹೊರಗೆ ಕಳುಹಿಸಿದಂತೆ ಅಲ್ಲವೇ? ಅದೇ ಎಂಟು ತಂಡಗಳು ಲೀಗ್ ಕ್ರಮದಲ್ಲಿ ಆಡಿದರೆ 28 ಪಂದ್ಯಗಳಾಗುತ್ತವೆ. ಪ್ರತಿ ತಂಡಕ್ಕೂ ಏಳು. ಸೋಮವಾರ ಸೋತವನು ಮುಂದಿನ ಸೋಮವಾರ ತಿದ್ದಿಕೊಳ್ಳಬಹುದು.

ಇಷ್ಟು ಪಂದ್ಯಗಳಿಗೆ ಸಮಯವೆಲ್ಲಿ, ಹಣವೆಲ್ಲಿ ಎಂಬ ಆಕ್ಷೇಪಣೆ ಬರುವುದು ಸಹಜ. ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಆದರೆ ಪಂದ್ಯಗಳೆಲ್ಲ ಒಂದೇ ವಾರದಲ್ಲಿ ಮುಗಿಯಬೇಕೆಂಬ ನಿಯಮವೇನೂ ಇಲ್ಲ. ತರಗತಿ-ತರಗತಿಗಳ ನಡುವೆ, ಸಂಜೆಯ ವೇಳೆ, ಅರ್ಧ ಗಂಟೆಯ ಆಟಗಳನ್ನು ಹಲವು ತಿಂಗಳುಗಳಿಗೆ ಹಂಚಬಹುದು. ಅದೂ ಕಷ್ಟವಾದಲ್ಲಿ ನಾಲ್ಕು ನಾಲ್ಕು ತಂಡಗಳ ಎರಡು ಗುಂಪು ಮಾಡಿದರೆ 12 ಪಂದ್ಯಗಳಲ್ಲಿ ಪ್ರತಿ ತಂಡಕ್ಕೂ ಮೂರು ಆಟಗಳಾದರೂ ದೊರೆಯುತ್ತವೆ. ಒಂದು ಚೆಂಡು, ಒಂದು ಬಯಲು, ಅಂಕಪಟ್ಟಿ ಬರೆಯಲು ಒಂದು ಕಪ್ಪು ಹಲಗೆ, ಶ್ರದ್ಧೆಯುಳ್ಳ ಒಬ್ಬ ಅಧ್ಯಾಪಕರು. ಇಷ್ಟಿದ್ದರೆ ಕಾರ್ಯಾರಂಭಕ್ಕೆ ಸಾಕು.

ಅಂದು ಕೈತಪ್ಪಿದ ಪ್ರಶಸ್ತಿಯನ್ನು ಬೆಂಗಳೂರು ತಂಡವು ಮರುವರ್ಷದ 2015-16ರ ಲೀಗಿನಲ್ಲಿ ಮರಳಿ ಪಡೆಯಿತು. ಆಗ ಎರಡನೆಯ ಸ್ಥಾನ ಬಾಗಾನ್‌ನದಾಯಿತು. ಆ ಮೂರು ನಿಮಿಷಗಳನ್ನು ನೆನೆದು ಕೊರಗುತ್ತ ಕುಳಿತಿದ್ದರೆ ಇದು ಸಾಧ್ಯವಾಗುತ್ತಿರಲಿಲ್ಲ. ಮತ್ತೆ ಮೊದಲ ಪಂದ್ಯದಿಂದ ಒಂದೊಂದೇ ಅಂಕವನ್ನು ಕೂಡಿಸಿದ್ದರಿಂದ ಸಾಧ್ಯವಾಯಿತು. ವಿದ್ಯಾರ್ಜನೆಯ ಮಾರ್ಗವೂ ಇದಕ್ಕಿಂತ ಬೇರೆಯಲ್ಲ. ಮಾರ್ಚ್ ತಿಂಗಳ ಒಂದು ವಾರದ ಜಾಗರಣೆಗಿಂತ ಜೂನ್ ತಿಂಗಳಿನಿಂದ ನಡೆದ ನಿತ್ಯದ ಓದು ದೊಡ್ಡದೆಂದು ನಾವು ಮಕ್ಕಳಿಗೆ ಬಾಯಿಂದ ಹೇಳುತ್ತಲೇ ಬಂದಿದ್ದೇವೆ. ಅದನ್ನು ಆಟದ ಬಯಲಿನಲ್ಲಿ ಅವರ ಅನುಭವಕ್ಕೆ ತರುವ ಕ್ರಮವೊಂದು ನಮ್ಮ ಕೈಯಲ್ಲಿಯೇ ಇದೆ. ಶಾಲೆಗಳ ಆಡಳಿತ ಮಂಡಳಿಯವರೂ ದೈಹಿಕ ಶಿಕ್ಷಕರೂ ಈ ಕುರಿತು ಆಲೋಚಿಸಿ, ಬರುವ ವರ್ಷದಿಂದಲಾದರೂ ಸೋತ ತಂಡಕ್ಕೆ ಇನ್ನೊಂದು ಆಟವನ್ನು ದೊರಕಿಸಿಕೊಡಬೇಕೆಂದು ವಿನಂತಿಸುತ್ತೇನೆ.